ಅನ್ಯಾಯ ಆಯ್ತು, ಸರಿ. ಈಗ ಮುಂದೇನು?

ಮುಂಬೈ, ಪುಣೆ ಕಡೆ ಬಂದು ಬದುಕು ಕಟ್ಟಿಕೊಳ್ಳುತ್ತಿರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಬ್ಬರಿಗೆ ಸಂಬಳ ಬಂದಿಲ್ಲ. ಇನ್ನೊಬ್ಬರಿಗೆ ಮನೆಯ ಡಿಪಾಸಿಟ್ ವಾಪಸ್ ಸಿಕ್ಕಿಲ್ಲ. ಯಾರದೋ ಪ್ರಮೋಷನ್ ಬೇರೆಯವರ ಪಾಲಾಯಿತು. ಇನ್ಯಾರಿಗೋ ಊರಲ್ಲಿ ಅಣ್ಣ ಆಸ್ತಿಯ ಪಾಲು ಕೊಡುತ್ತಿಲ್ಲ. ಇಂಥದ್ದು ಆದಾಗ ಏನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು, ಏನನ್ನು ಮಾಡಲೇಬಾರದು ಅಂತ ಹೇಳುತ್ತೇನೆ.

ನಾನು ಕುಮಟಾ ಕಡೆಯವಳು. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದೆ. ರಿಟೈರ್ ಆಗುವವರೆಗೂ ಮುಂಬೈಯ ಫೋರ್ಟಿನ ಒಂದು ಆಫೀಸಿನಲ್ಲಿ ಲೆಕ್ಕ ಬರೆದೆ. ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತದೆ ಅಂತ ಪರಿಚಯದವರಿಗೆ ಗೊತ್ತಾಯಿತು. ಆಮೇಲೆ ಭಾನುವಾರ ಬೆಳಿಗ್ಗೆ ಕಾಗದ ಹಿಡಿದುಕೊಂಡು ಜನ ಮನೆಗೆ ಬರುವುದು ರೂಢಿಯಾಯಿತು. ಹೋಟೆಲ್ ಹುಡುಗರು, ನರ್ಸ್‌ಗಳು, ಐಟಿಯವರು, ಗಾರೆ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದವರು, ಎಲ್ಲರೂ ಬರುತ್ತಾರೆ.

ಇಷ್ಟು ಜನರ ಕಾಗದ ಓದಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಪೆಟ್ಟು ತಿಂದವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ತಪ್ಪು ಯಾರದು? ಮುಂದಿನ ಕೆಲಸ ಯಾರದು? ತಪ್ಪು ಅವರದು ಅಂತಾದ ಕೂಡಲೇ ಸರಿಮಾಡುವ ಕೆಲಸವೂ ಅವರದೇ ಅಂತ ಅಂದುಕೊಳ್ಳುತ್ತೇವೆ. ಆದರೆ ಮೋಸ ಮಾಡಿದವನು ಅದನ್ನು ಮಾಡುವುದಿಲ್ಲ. ನಾವು ಕಾಯುತ್ತೇವೆ. ಕಾಯುತ್ತಾ ಕಾಯುತ್ತಾ ನಮ್ಮ ಬದುಕಿನ ನಿರ್ಧಾರವನ್ನೂ ಅವನ ಕೈಗೇ ಕೊಟ್ಟಿರುತ್ತೇವೆ. ನನಗೆ ಸ್ವಾತಂತ್ರ್ಯ ಅಂದರೆ ಆ ಎರಡನೇ ಪ್ರಶ್ನೆಗೆ 'ನನ್ನದು' ಅಂತ ಹೇಳುವ ಹಕ್ಕು. ಅದನ್ನು ಬಿಟ್ಟುಕೊಡಬೇಡಿ ಅನ್ನುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಸುಮ್ಮನಿರಿ, ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ದೂರು ಕೊಡುವುದು ನಿಮ್ಮ ಹಕ್ಕು. ದೂರು ಕೊಡಿ. ಅದನ್ನು ಸರಿಯಾದ ಜಾಗಕ್ಕೆ, ಸರಿಯಾದ ಸಮಯಕ್ಕೆ ಕೊಡಿ. ಕೊಟ್ಟ ಮೇಲೆ ನಿಮ್ಮ ಕೆಲಸಕ್ಕೆ ನೀವು ಹೋಗಿ.

ಮೊದಲು ಕಾಗದಕ್ಕೆ ಇಳಿಸಿ

ಯಾರಿಗೂ ಫೋನ್ ಮಾಡುವ ಮೊದಲು ಒಂದು ಫುಲ್‌ಸ್ಕೇಪ್ ಹಾಳೆ ತೆಗೆದುಕೊಳ್ಳಿ. ಒಂದು ಬದಿಯಲ್ಲಿ ಏನಾಯಿತು ಅಂತ ಬರೆಯಿರಿ. ತಾರೀಕು, ಮೊತ್ತ, ಯಾರು ಏನು ಹೇಳಿದರು, ಅದಕ್ಕೆ ನಿಮ್ಮ ಹತ್ತಿರ ಏನು ದಾಖಲೆ ಇದೆ, ಇಷ್ಟೇ. 'ನೀಚ', 'ಮೋಸಗಾರ', 'ಯಾವಾಗಲೂ ಹೀಗೇ' ಇಂಥ ಮಾತು ಅಲ್ಲಿ ಬೇಡ. ಹಾಳೆಯ ಹಿಂದೆ ನೀವು ಏನೇನು ಮಾಡಬಹುದು ಅಂತ ಬರೆಯಿರಿ. ಎರಡೇ ಸಾಲು ಬಂದರೂ ಪರವಾಗಿಲ್ಲ.

ಬೈಂದೂರು ಕಡೆಯ ಒಬ್ಬ ಹುಡುಗ ಬಂದಿದ್ದ. ಹೋಟೆಲಿನಲ್ಲಿ ಸಪ್ಲಾಯರ್. ಬಂದವನೇ, "ನಮ್ಮವರೇ ನಮ್ಮವರ ಕುತ್ತಿಗೆ ಕುಯ್ದ್ರು ಅಕ್ಕ. ನಮ್ಮಂಥವರ ಮಾತು ಯಾರು ಕೇಳ್ತಾರೆ? ಬಾಂಬೆ ಅಂದ್ರೆ ಹೀಗೇ" ಅಂದ. ನಾನು, "ಇರು ಮಗಾ, ಮೊದಲು ಬರಿ" ಅಂದೆ. ಬರೆಯುತ್ತಾ ಹೋದಂತೆ ವಿಷಯ ಸಣ್ಣದಾಯಿತು, ಸ್ಪಷ್ಟವೂ ಆಯಿತು. ಮೊದಲ ಎರಡು ತಿಂಗಳ ಸಂಬಳ ಫೋನಿಗೇ ಬಂದಿದೆ, ಅದರ ಮೆಸೇಜ್ ಇದೆ. ಕೊನೆಯ ಒಂದೂವರೆ ತಿಂಗಳಿನದು ಬಂದಿಲ್ಲ. ಇವನು ಹೇಳದೆ ಕೇಳದೆ ಕೆಲಸ ಬಿಟ್ಟಿದ್ದಾನೆ, ಅದಕ್ಕೆ ಶೇಟ್‌ಗೆ, ಅಂದರೆ ಹೋಟೆಲ್ ಮಾಲೀಕರಿಗೆ, ಸಿಟ್ಟು. ಆದರೆ ಸಿಟ್ಟು ಬಂತು ಅಂತ ದುಡಿದ ದಿನಗಳ ಕೂಲಿ ಹಿಡಿಯುವ ಹಾಗಿಲ್ಲ. ಅಷ್ಟು ಹೊತ್ತು ಇಡೀ ಬಾಂಬೆಯ ಮೇಲಿದ್ದ ಸಿಟ್ಟು ಒಂದೂವರೆ ತಿಂಗಳ ಸಂಬಳಕ್ಕೆ ಬಂದು ನಿಂತಿತು. ಬಾಂಬೆಯನ್ನು ತಿದ್ದುವುದು ಅವನಿಂದ ಆಗುವುದಿಲ್ಲ. ಒಂದೂವರೆ ತಿಂಗಳ ಸಂಬಳ ವಸೂಲಿ ಮಾಡುವುದು ಆಗುತ್ತದೆ.

ನನ್ನ ಮಗಳು ಮನಶ್ಶಾಸ್ತ್ರ ಓದಿದವಳು. ಬರೆಯುವುದರಿಂದ ಮನಸ್ಸಿಗೂ ಉಪಯೋಗ ಇದೆ ಅಂತ ಅವಳೇ ತೋರಿಸಿದಳು. ಅಮೆರಿಕದ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ವಿದ್ಯಾರ್ಥಿಗಳ ಜೊತೆ ಒಂದು ಪ್ರಯೋಗ ಮಾಡಿದ್ದರು. ಮನಸ್ಸಿಗೆ ನೋವಾದ ವಿಷಯವನ್ನು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆಯುವುದು. ಆಗಿದ್ದನ್ನೂ ಅದರಿಂದ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಹಾಗಾಗಿ ನಾನು ಎರಡು ಹಾಳೆ ಕೊಡುತ್ತೇನೆ. ಒಂದರಲ್ಲಿ ಬೈಯುವುದನ್ನೆಲ್ಲ ಬೈದುಕೊಳ್ಳಲಿ, ಅಳಲಿ. ಅದು ಮನೆಯಲ್ಲೇ ಇರಬೇಕು. ಇನ್ನೊಂದರಲ್ಲಿ ಬರೀ ವಿಷಯ. ಆಫೀಸಿಗೆ ಹೋಗುವುದು ಎರಡನೆಯದು ಮಾತ್ರ.

ಸರಿಯಾದ ಬಾಗಿಲು ತಟ್ಟಿ

ನಮ್ಮವರು ಸೋಲುವುದು ಹೆಚ್ಚಾಗಿ ಇಲ್ಲೇ. ದೂರನ್ನು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಮಾಟುಂಗಾದಲ್ಲಿ ಯಾರದೋ ಮದುವೆಗೆ ಹೋದಾಗ ಊಟದ ಸಾಲಿನಲ್ಲಿ ಕೂತು ಹೇಳುತ್ತಾರೆ. ಊರಿಗೆ ಫೋನ್ ಮಾಡಿ ಹೇಳುತ್ತಾರೆ. ಕೇಳಿದವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ಯಾರ ಕೈಯಲ್ಲೂ ಏನೂ ಅಧಿಕಾರ ಇರುವುದಿಲ್ಲ.

ಸಂಬಳದ ವಿಷಯವಾದರೆ ಕಾರ್ಮಿಕ ಆಯುಕ್ತರ ಕಚೇರಿಗೆ ಹೋಗಿ. ಇಲ್ಲಿ ಕಾಮ್‌ಗಾರ್ ಆಯುಕ್ತ ಅಂತ ಕೇಳಿದರೆ ತೋರಿಸುತ್ತಾರೆ. ಮುಂಬೈಯದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಕಾಮ್‌ಗಾರ್ ಭವನದಲ್ಲಿದೆ. ನಮ್ಮ ಡೊಂಬಿವಲಿ ಕಡೆಯವರಿಗೆ ಠಾಣೆ ಕಚೇರಿ. ಮೊದಲ ಅರ್ಜಿಗೆ ವಕೀಲರು ಬೇಕಿಲ್ಲ. ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಆವಕ್-ಜಾವಕ್ ಟೇಬಲ್ಲಿಗೆ (ಬಂದ ಹೋದ ಕಾಗದ ದಾಖಲಿಸುವ ಟೇಬಲ್) ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಅದಕ್ಕೆ ಪೋಚ್ ಅನ್ನುತ್ತಾರೆ. ಪೋಚ್ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ಬೈಂದೂರಿನ ಹುಡುಗ ಇಷ್ಟೇ ಮಾಡಿದ್ದು. ಕಚೇರಿಯಿಂದ ಪತ್ರ ಹೋದ ಮೇಲೆ ಶೇಟ್ ಎರಡು ಕಂತಿನಲ್ಲಿ ಬಾಕಿ ಕೊಟ್ಟರು.

ಬಾಡಿಗೆ ಮನೆ ಹಿಡಿಯುವವರು ಒಂದು ವಿಷಯ ತಿಳಿದಿರಬೇಕು. ಇಲ್ಲಿ ಬ್ರೋಕರ್‌ಗಳು "11 ತಿಂಗಳಿನದು ತಾನೆ, ರಿಜಿಸ್ಟ್ರೇಷನ್ ಬೇಡ" ಅಂತ ಹೇಳಿ ಮುಗಿಸಿಬಿಡುತ್ತಾರೆ. ಮಹಾರಾಷ್ಟ್ರದಲ್ಲಿ ಅದು ನಡೆಯುವುದಿಲ್ಲ. 1999ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಸೆಕ್ಷನ್ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು (ಇಲ್ಲಿ ಬಾಡಿಗೆ ಮನೆಗೆ ಸಾಮಾನ್ಯವಾಗಿ ಮಾಡುವ ಕರಾರು) ಬರವಣಿಗೆಯಲ್ಲೇ ಇರಬೇಕು, ನೋಂದಣಿಯೂ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದು. ಮಾಡಿಸದಿದ್ದರೆ, ಷರತ್ತುಗಳ ಬಗ್ಗೆ ಜಗಳ ಬಂದಾಗ ಬಾಡಿಗೆದಾರ ಹೇಳಿದ್ದನ್ನೇ ನಂಬುತ್ತಾರೆ, ಬೇರೆ ಅಂತ ಮಾಲೀಕರು ಸಾಬೀತು ಮಾಡುವ ತನಕ. ಇಷ್ಟು ಗಟ್ಟಿ ಕಾನೂನು ನಮ್ಮ ಕಡೆ ಇದೆ. ಆದರೂ, "ನಾವು ಹೊರಗಿನವರು, ನಮಗೆ ಯಾರೂ ಇಲ್ಲ" ಅಂತ ಅಳುತ್ತಾ ಕೂರುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಸರ್ಕಾರಿ ಕಚೇರಿಯಲ್ಲಿ ಫೈಲು ಕೂತಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 2005ರ ಕಾಯಿದೆ. 10 ರೂಪಾಯಿ ಶುಲ್ಕ, ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೂ ಆಯಿತು. 30 ದಿನದಲ್ಲಿ ಉತ್ತರ ಕೊಡಬೇಕು. ಮಹಾರಾಷ್ಟ್ರದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಜನ ಇದಕ್ಕೆ ಗೊಣಗುತ್ತಾರೆ. ನನಗಂತೂ ಆ ಮಿತಿಯಿಂದ ಒಂದು ಉಪಕಾರ ಆಗಿದೆ. 150 ಪದದಲ್ಲಿ ಬರೆಯಲು ಕೂತಾಗ ನಮಗೆ ನಿಜವಾಗಿ ಏನು ಬೇಕು ಅನ್ನುವುದು ಹೊರಗೆ ಬರುತ್ತದೆ.

ಕೊಂಡ ವಸ್ತು, ಕ್ಲಾಸಿನ ಫೀ, ಏಜೆನ್ಸಿಯವರ ಮೋಸ ಇಂಥದ್ದಕ್ಕೆ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯಿದೆ ಬಂದ ಮೇಲೆ ನೀವು ಇರುವ ಊರಿನಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವಿಷಯಕ್ಕೆ ಶುಲ್ಕ ಇಲ್ಲ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930. ವಕೀಲರಿಗೆ ದುಡ್ಡಿಲ್ಲದಿದ್ದರೆ 15100, ಅದು ಉಚಿತ ಕಾನೂನು ನೆರವು. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಈ ನೆರವು ಸಿಗುತ್ತದೆ. 1987ರ ಕಾಯಿದೆಯಲ್ಲೇ ಹಾಗಿದೆ. ಎಷ್ಟೋ ಓದಿದ ಹೆಂಗಸರಿಗೂ ಇದು ಗೊತ್ತಿಲ್ಲ.

ತಾರೀಕು ಮರೆಯಬೇಡಿ

ನೋವಿಗೆ ತಾರೀಕು ಇರುವುದಿಲ್ಲ, ಕಾನೂನಿಗೆ ಇರುತ್ತದೆ. ಕೊಟ್ಟ ಸಾಲದಂಥ ಹಣದ ವಸೂಲಿಗೆ ಸಾಮಾನ್ಯವಾಗಿ 3 ವರ್ಷ. ಗ್ರಾಹಕ ಆಯೋಗಕ್ಕೆ 2 ವರ್ಷ. ಅನ್ಯಾಯವನ್ನು ಹತ್ತು ವರ್ಷ ನೆನಪಿನಲ್ಲಿ ಇಟ್ಟುಕೊಂಡವರು ಈ ಗಡುವನ್ನು ನೆನಪಿಡುವುದಿಲ್ಲ. ಅದು ದಾಟಿದ ಮೇಲೆ ಉಳಿಯುವುದು ಕಥೆ ಮಾತ್ರ.

ಅಂಕೋಲಾ ಕಡೆಯ ಒಬ್ಬ ಗೆಳತಿ ಇದ್ದಾಳೆ. ಅಣ್ಣ ತವರಿನ ಜಮೀನಿನಲ್ಲಿ ಪಾಲು ಕೊಡಲಿಲ್ಲ ಅಂತ ಪ್ರತಿ ಅರಿಶಿನ ಕುಂಕುಮದಲ್ಲೂ ಹೇಳುತ್ತಿದ್ದಳು. ನಾನು ಒಂದು ದಿನ ಕೇಳಿದೆ, "ಪಹಣಿ ತೆಗೆಸಿ ನೋಡಿದ್ದೀಯಾ?" ಇಲ್ಲ. ಡೊಂಬಿವಲಿಯಲ್ಲಿ ಕೂತು ಕರ್ನಾಟಕದ ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಕಾಣುತ್ತದೆ. ನೋಡಿದೆವು. ಜಮೀನು ಇನ್ನೂ ತೀರಿಹೋದ ಅಪ್ಪನ ಹೆಸರಿನಲ್ಲೇ ಇತ್ತು. ಅಣ್ಣ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾನೆ ಅಂತ ಇವಳು ಇಷ್ಟು ವರ್ಷ ನಂಬಿದ್ದಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ 2005ರಲ್ಲೇ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಆಗಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟ ಮಾಡಿತು. ಅವಳು ಊರಿಗೆ ಹೋಗಿ ಅಣ್ಣನ ಜೊತೆ ಪಹಣಿ ಮುಂದಿಟ್ಟುಕೊಂಡು ಮಾತಾಡಿದಳು. ಜಗಳ ಪೂರ್ತಿ ಮುಗಿದಿಲ್ಲ. ಆದರೆ ಈಗ ಅವಳು ಮಾತಾಡುವುದು ವಾರಸಾ ಅರ್ಜಿಯ ಬಗ್ಗೆ, ಗಡಿ ಅಳತೆಯ ಬಗ್ಗೆ. ಮೊದಲಿನ ಹಾಗೆ ತನ್ನ ಹಣೆಬರಹದ ಬಗ್ಗೆ ಅಲ್ಲ.

ದೂರು ಒಂದು ಕಡೆ, ಬದುಕು ಒಂದು ಕಡೆ ನಡೆಯಲಿ

ಎಲ್ಲದಕ್ಕಿಂತ ಕಷ್ಟದ ಭಾಗ ಇದು. ಇದಕ್ಕೆ ನಾನು ಯಾವಾಗಲೂ ಮಹಾಡ್ ಕೇಸಿನ ಕಥೆ ಹೇಳುತ್ತೇನೆ.

ಮಹಾಡ್ ಇಲ್ಲೇ ಕೊಂಕಣದಲ್ಲಿ, ಮುಂಬೈ ಗೋವಾ ಹೆದ್ದಾರಿಯಲ್ಲಿ ಸಿಗುವ ಊರು. ಅಲ್ಲಿನ ಚವದಾರ್ ಕೆರೆಯ ನೀರು ಎಲ್ಲರಿಗೂ ಮುಕ್ತ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ಹಕ್ಕಿತ್ತು. ಆದರೆ ದಲಿತರು ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಮೇಲ್ಜಾತಿಯವರು ಗುಂಪು ಕಟ್ಟಿ ಹೊಡೆದರು. ಆಮೇಲೆ ಕೆರೆ ಸಾರ್ವಜನಿಕ ಅಲ್ಲ ಅಂತ ಕೋರ್ಟಿಗೂ ಹೋದರು. ಡಿಸೆಂಬರಿನಲ್ಲಿ ಮತ್ತೆ ಸಮ್ಮೇಳನಕ್ಕೆ ಜನ ಸೇರಿದಾಗ ಕೋರ್ಟಿನ ತಡೆಯಾಜ್ಞೆ ಇತ್ತು. ಕೆರೆಗೆ ನುಗ್ಗಬೇಕು ಅಂತ ಕುದಿಯುತ್ತಿದ್ದ ಜನರನ್ನು ಅಂಬೇಡ್ಕರರೇ ಸಮಾಧಾನ ಮಾಡಿ, ಕೋರ್ಟಿನಲ್ಲೇ ಹೋರಾಡೋಣ ಅಂದರು. ಆ ಕೇಸು ಬಾಂಬೆ ಹೈಕೋರ್ಟಿನಲ್ಲಿ ಮುಗಿದದ್ದು 1937ರ ಮಾರ್ಚಿನಲ್ಲಿ. ಗೆದ್ದರು. ಹತ್ತು ವರ್ಷ!

ಆ ಹತ್ತು ವರ್ಷದಲ್ಲಿ ಅವರು ಏನೇನು ಮಾಡಿದರು ನೋಡಿ. ಬಾಂಬೆ ವಿಧಾನ ಪರಿಷತ್ತಿನಲ್ಲಿ ಕೂತರು. ಲಂಡನ್ನಿನ ದುಂಡುಮೇಜಿನ ಸಭೆಗಳಿಗೆ ಹೋದರು. ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು. ಪಕ್ಷ ಕಟ್ಟಿದರು. ದಾದರಿನ ಹಿಂದೂ ಕಾಲನಿಯಲ್ಲಿ ಪುಸ್ತಕಗಳಿಗಾಗಿಯೇ ಅನ್ನುವ ಹಾಗೆ ರಾಜಗೃಹ ಅನ್ನುವ ಮನೆ ಕಟ್ಟಿಸಿದರು. ಅವರಿಗೆ ಆದ ಅನ್ಯಾಯದ ಮುಂದೆ ನಮ್ಮ ಡಿಪಾಸಿಟ್ ಯಾವ ಲೆಕ್ಕ? ನೀರು ಮುಟ್ಟಬೇಡ ಅನ್ನಿಸಿಕೊಂಡವರು ಅವರು. ಕೇಸನ್ನೂ ಬಿಡಲಿಲ್ಲ, ಕೇಸು ಮುಗಿಯಲಿ ಅಂತ ಬದುಕನ್ನೂ ನಿಲ್ಲಿಸಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಹೇಳಿದ ಒಂದು ಮಾತಿದೆ. ಸ್ವಾತಂತ್ರ್ಯ ಬಂದ ಮೇಲೆ ತಪ್ಪಾದರೆ ಬ್ರಿಟಿಷರನ್ನು ದೂರುವ ನೆಪ ನಮಗೆ ಇನ್ನಿಲ್ಲ, ಇನ್ನು ಮುಂದೆ ತಪ್ಪಿದರೆ ನಮ್ಮನ್ನು ಬಿಟ್ಟು ಬೇರೆ ಯಾರನ್ನೂ ದೂರುವ ಹಾಗಿಲ್ಲ ಅಂತ. ದೂರಲು ಎಲ್ಲರಿಗಿಂತ ಜಾಸ್ತಿ ಕಾರಣ ಇದ್ದ ಮನುಷ್ಯ ಈ ಮಾತು ಹೇಳಿದ್ದಾರೆ. ನನಗೆ ಅದು ತುಂಬಾ ದೊಡ್ಡದು ಅನಿಸುತ್ತದೆ.

ನಮ್ಮ ಕನ್ನಡಿಗರಲ್ಲೂ ಇಂಥ ಪರಂಪರೆ ಇದೆ. ಮೊಗವೀರರು ಮುಂಬೈಯಲ್ಲಿ ವ್ಯವಸ್ಥಾಪಕ ಮಂಡಳಿ ಅನ್ನುವ ತಮ್ಮ ಸಂಘ ಕಟ್ಟಿದ್ದು 1902ರಲ್ಲಿ. ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಶುರುವಾದದ್ದು 1906ರಲ್ಲಿ. ಬಡ್ಡಿಯವರ ಬಾಗಿಲಿಗೆ ಹೋಗದೆ ನಮ್ಮ ದುಡ್ಡನ್ನು ನಾವೇ ಕೂಡಿಸಿ ನಮಗೇ ಸಾಲ ಕೊಟ್ಟುಕೊಳ್ಳೋಣ ಅಂತ. ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಎಷ್ಟೋ ಜನ ನನಗೆ ಗೊತ್ತು. ಹಗಲಿಡೀ ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಕೈ ತೊಳೆದು, ಅಂಗಿ ಬದಲಿಸಿ ಕ್ಲಾಸಿಗೆ ಓಡಿದವರು. ಚಿಕ್ಕ ವಯಸ್ಸಿನಲ್ಲಿ ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸಿದ್ದು ಅವರ ತಪ್ಪಾಗಿರಲಿಲ್ಲ. ಓದಿದ್ದು ಅವರ ನಿರ್ಧಾರ.

ಹಾಗಾಗಿ ಕೇಸು, ಅರ್ಜಿ ಏನೇ ಇರಲಿ, ಅದಕ್ಕೆ ವಾರದಲ್ಲಿ ಒಂದು ಹೊತ್ತು ಗೊತ್ತು ಮಾಡಿ. ಶನಿವಾರ ಸಂಜೆ ಅಂದರೆ ಶನಿವಾರ ಸಂಜೆ. ಫೈಲು ತೆಗೆಯಿರಿ, ಫಾಲೋ ಅಪ್ ಮಾಡಿ, ಮುಚ್ಚಿಡಿ. ಉಳಿದ ದಿನ ಅದರ ಮಾತು ಬೇಡ. ಆ ವರ್ಷ ಬರೆಯಬೇಕಾದ ಪರೀಕ್ಷೆ ಬರೆಯಿರಿ. ಹಾಕಬೇಕಾದ ಅರ್ಜಿ ಹಾಕಿ.

ಮಾತು ಎತ್ತ ಹೋಗುತ್ತಿದೆ ನೋಡಿಕೊಳ್ಳಿ

ಇಸ್ರೇಲಿನ ರಹವ್ ಗಬಾಯ್ ಮತ್ತು ಅವರ ಜೊತೆಯವರು 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ತಾನು ಪೆಟ್ಟು ತಿಂದವನು ಅನ್ನುವುದೇ ಗುರುತಾಗಿಬಿಡುತ್ತದೆ. ಅಂಥ ಸ್ವಭಾವದಲ್ಲಿ ಅವರು ನಾಲ್ಕು ಲಕ್ಷಣ ಗುರುತಿಸಿದ್ದಾರೆ. ನನಗೆ ನೋವಾಗಿದೆ ಅಂತ ಎಲ್ಲರೂ ಒಪ್ಪಲೇಬೇಕು ಅನ್ನುವ ಹಟ. ನಾನೇ ಒಳ್ಳೆಯವನು, ಅವರೆಲ್ಲ ಕೆಟ್ಟವರು ಅನ್ನುವ ನಂಬಿಕೆ. ಬೇರೆಯವರ ಕಷ್ಟ ಕಾಣದೆ ಹೋಗುವುದು. ಹಳೆಯದನ್ನೇ ಮತ್ತೆ ಮತ್ತೆ ಮೆಲುಕು ಹಾಕುವುದು. ಇದನ್ನು ಓದಿದಾಗ ನನಗೆ ಎಷ್ಟೋ ಭಾನುವಾರಗಳ ಮಾತು ನೆನಪಾಯಿತು.

ನಿಮ್ಮ ಮಾತನ್ನು ನೀವೇ ಒಮ್ಮೆ ಕೇಳಿಸಿಕೊಳ್ಳಿ. ಅದೇ ಕಥೆಯನ್ನು ಅದೇ ಜನರಿಗೆ ಹೊಸ ವಿಷಯ ಏನೂ ಇಲ್ಲದೆ ಹೇಳುತ್ತಿದ್ದೀರಾ? ಯಾರಾದರೂ ದಾರಿ ತೋರಿಸಿದರೆ, "ಅದೆಲ್ಲ ನಿನಗೆ ಗೊತ್ತಾಗಲ್ಲ ಬಿಡು" ಅಂತ ಸಿಟ್ಟಾಗುತ್ತಿದ್ದೀರಾ? ಹಾಗಿದ್ದರೆ ನಿಮಗೆ ಪರಿಹಾರಕ್ಕಿಂತ ಸಹಾನುಭೂತಿ ರುಚಿಸತೊಡಗಿದೆ. ಬೇಸರ ಮಾಡಿಕೊಳ್ಳಬೇಡಿ, ಇದು ಯಾರಿಗೂ ಆಗಬಹುದು. ಮನಸ್ಸು ಹಗುರ ಮಾಡಿಕೊಳ್ಳಲು ಒಬ್ಬರೋ ಇಬ್ಬರೋ ನಂಬಿಕಸ್ಥರು ಸಾಕು. ಅವರ ಹತ್ತಿರ ಪೂರ್ತಿ ಹೇಳಿ. ಮಿಕ್ಕವರ ಹತ್ತಿರ ಬೇರೆ ಮಾತಾಡಿ.

ಒಂದು ಎಚ್ಚರಿಕೆ. ಈ ನಾಲ್ಕು ಲಕ್ಷಣ ನಿಮ್ಮನ್ನು ನೀವು ನೋಡಿಕೊಳ್ಳಲು ಮಾತ್ರ. ಪೆಟ್ಟು ತಿಂದು ಬಂದವರ ಮುಂದೆ ಇದನ್ನು ಹಿಡಿಯಬೇಡಿ. ಗಂಡನಿಂದ ಹೊಡೆಸಿಕೊಂಡವಳಿಗೆ, ಜಾತಿಯ ಮಾತು ಕೇಳಿಸಿಕೊಂಡವನಿಗೆ, "ನೀನು ಜವಾಬ್ದಾರಿ ತಗೋ" ಅಂತ ಬುದ್ಧಿ ಹೇಳುವುದು ಕ್ರೌರ್ಯ. ಜವಾಬ್ದಾರಿ ಅನ್ನುವುದು ಒಬ್ಬರು ತಮಗೆ ತಾವೇ ಹೇಳಿಕೊಳ್ಳಬೇಕಾದ ಮಾತು. ಅವರಿಗೆ ಮೊದಲು ಬೇಕಾದ್ದು ಸುರಕ್ಷಿತ ಜಾಗ. ಹೆಂಗಸರಿಗೆ 181, ತುರ್ತಿಗೆ 112, ಮಕ್ಕಳಿಗೆ 1098. ಮನಸ್ಸು ಪೂರ್ತಿ ಕುಸಿದಿದ್ದರೆ ಟೆಲಿ ಮಾನಸ್ 14416.

ಮಗಳು ಹೇಳಿದ ಇನ್ನೊಂದು ವಿಷಯವೂ ಇಲ್ಲೇ ಹೇಳಬೇಕು. ಸೆಲಿಗ್ಮನ್ ಮತ್ತು ಮೇಯರ್ ಅನ್ನುವ ಇಬ್ಬರು 1967ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗ ತುಂಬಾ ಹೆಸರಾಗಿದೆ. ತಪ್ಪಿಸಿಕೊಳ್ಳಲು ಆಗದ ಶಾಕ್ ತಿಂದ ನಾಯಿಗಳು, ಆಮೇಲೆ ದಾರಿ ಇದ್ದರೂ ಎದ್ದು ಹೋಗುತ್ತಿರಲಿಲ್ಲ. ಅವು ಅಸಹಾಯಕತೆಯನ್ನು ಕಲಿತಿವೆ ಅಂತ ಆಗ ಅಂದುಕೊಂಡರು. ಸುಮಾರು 50 ವರ್ಷ ಆದ ಮೇಲೆ, 2016ರಲ್ಲಿ, ಅದೇ ಇಬ್ಬರು ಆ ವಿವರಣೆಯನ್ನು ತಿರುಗಿಸಿದರು. ನೋವು ತುಂಬಾ ದಿನ ಮುಂದುವರಿದರೆ ಸುಮ್ಮನೆ ಬಿದ್ದಿರುವುದು ಮಿದುಳಿನ ಸಹಜ ಪ್ರತಿಕ್ರಿಯೆ. ಕಲಿಯಬೇಕಾದ್ದು, ಕಲಿಯಲು ಆಗುವಂಥದ್ದು, ನನ್ನ ಕೈಯಲ್ಲೂ ಏನೋ ಇದೆ ಅನ್ನುವುದು. ಇದು ತಿಳಿದ ಮೇಲೆ, ಎದ್ದು ನಿಲ್ಲದವರನ್ನು ಸೋಮಾರಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅಂಥವರಿಗೆ ನಾನು ಮೊದಲು ತುಂಬಾ ಸಣ್ಣ ಕೆಲಸ ಕೊಡುತ್ತೇನೆ. ಆಧಾರ್ ಝೆರಾಕ್ಸ್ ಮಾಡಿಸಿ ತಾ. ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಾ. ಇನ್ನೊಬ್ಬರು ಮಾಡಿಕೊಡಬಾರದು, ಅವರೇ ಮಾಡಬೇಕು. ಅದೊಂದು ಆದ ಮೇಲೆ ಅರ್ಜಿಯ ಮಾತು.

ಕನ್ನಡದವರು ಅಂತ ಆದಾಗ

ಇದನ್ನು ಬಿಟ್ಟು ಬರೆದರೆ ಸರಿಹೋಗುವುದಿಲ್ಲ. 1966ರಿಂದ ಕೆಲವು ವರ್ಷ ಇಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ನಡೆಯಿತು. ಉಡುಪಿ ಹೋಟೆಲುಗಳ ಮೇಲೆ ದಾಳಿ ಆಯಿತು. ನನ್ನ ಮಾವನವರ ಕಾಲದವರು ಅದನ್ನು ಕಣ್ಣಾರೆ ಕಂಡವರು. ಒಡೆದ ಗಾಜು ಗುಡಿಸಿ ಮತ್ತೆ ಶಟರ್ ಎತ್ತಿದವರಿಂದಲೇ ಮಾಟುಂಗಾದಲ್ಲಿ, ಫೋರ್ಟಿನಲ್ಲಿ ಇಂದಿಗೂ ನಮಗೆ ಇಡ್ಲಿ ಸಿಗುತ್ತಿದೆ.

ಸಂವಿಧಾನದ 19ನೇ ವಿಧಿ ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡಲು, ನೆಲೆಸಲು, ಕೆಲಸ ಮಾಡಲು ನಮಗೆ ಹಕ್ಕು ಕೊಟ್ಟಿದೆ. ನಾವು ಇಲ್ಲಿ ಯಾರ ಕರುಣೆಯ ಮೇಲೂ ಇಲ್ಲ. ಯಾರಾದರೂ ಭಾಷೆಯ ಹೆಸರಿನಲ್ಲಿ ಕೈ ಮಾಡಿದರೆ ಪೊಲೀಸರಿಗೆ ದೂರು ಕೊಡಿ, ಹಿಂಜರಿಯಬೇಡಿ. ಅದೇ ಹೊತ್ತಿಗೆ ಮರಾಠಿ ಕಲಿಯಿರಿ. ಯಾರೋ ಒತ್ತಾಯ ಮಾಡಿದರು ಅಂತ ಬೇಡ. ಆವಕ್-ಜಾವಕ್ ಟೇಬಲ್ಲಿನ ಮುಂದೆ ನಿಮ್ಮ ಮಾತನ್ನು ನೀವೇ ಆಡಲು ಬೇಕು, ಅದಕ್ಕೆ. ಪ್ರಮೋಷನ್ ತಪ್ಪಿದಾಗಲೆಲ್ಲ 'ನಾನು ಕನ್ನಡದವನು ಅಂತ ಹೀಗಾಯಿತು' ಅನ್ನುವ ಮೊದಲು, ಆಯ್ಕೆಯಾದವರ ಕೆಲಸವನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವೊಮ್ಮೆ ತಾರತಮ್ಯ ನಿಜವಾಗಿಯೂ ಇರುತ್ತದೆ. ಆಗ ದಾಖಲೆ ಸಮೇತ ಎಚ್‌ಆರ್‌ಗೆ ಬರೆಯಿರಿ. ಕೆಲವೊಮ್ಮೆ ಇರುವುದಿಲ್ಲ. ಆಗ ಎಕ್ಸೆಲ್ ಕಲಿಯಿರಿ.

ಮನೆಯಲ್ಲಿ ಇದನ್ನು ಕಲಿಸುವುದು

ಮಕ್ಕಳಿಗೆ ನಿರ್ಧಾರ ಮಾಡಲು ಬಿಡದೆ, ದೊಡ್ಡವರಾದ ಮೇಲೆ ಜವಾಬ್ದಾರಿ ಇಲ್ಲ ಅಂತ ಬೈದರೆ ಏನು ಪ್ರಯೋಜನ? ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗಿಗೆ ಅಪ್ಪ ಹಟ ಮಾಡಿ ಕಾಮರ್ಸ್ ಕೊಡಿಸಿದರು. ಕೆಲಸಕ್ಕೆ ಸೇರಿ ವರ್ಷಗಳಾದರೂ ಏನೇ ಎಡವಟ್ಟಾದರೂ ಅವಳಿಗೆ ಅಪ್ಪನೇ ಕಾರಣ. ನಾನು ಅವಳಿಗೆ ಹೇಳಿದ್ದು ಇಷ್ಟೇ: "ಅಪ್ಪ ಮಾಡಿದ್ದು ತಪ್ಪು ಮಗಾ, ಒಪ್ಪಿದೆ. ಈಗ ಪಗಾರ ನಿನ್ನ ಖಾತೆಗೆ ಬರ್ತಿದೆ ಅಲ್ವಾ? ಸಂಜೆಯ ಡಿಸೈನ್ ಕೋರ್ಸಿಗೆ ಯಾರನ್ನು ಕೇಳಬೇಕು?" ಸೇರಿದಳು. ಅದು ಹಿಡಿಸಲಿಲ್ಲ ಅಂತ ಅರ್ಧಕ್ಕೆ ಬಿಟ್ಟಳು. ಆದರೆ ಬಿಟ್ಟದ್ದಕ್ಕೆ ಅಪ್ಪನನ್ನು ಬೈಯಲಿಲ್ಲ. ಹೈಸ್ಕೂಲಿನಲ್ಲೇ ಲೋಕಲ್ ಪಾಸ್ ತಾವೇ ತೆಗೆಯಲಿ, ಫೀ ಕಟ್ಟುವ ಸಾಲಿನಲ್ಲಿ ತಾವೇ ನಿಲ್ಲಲಿ, ಆರಿಸಿದ ವಿಷಯದಲ್ಲಿ ಕಡಿಮೆ ಮಾರ್ಕ್ಸ್ ಬಂದರೆ ಬರಲಿ. "ನಿನಗೋಸ್ಕರ ಎಷ್ಟು ತ್ಯಾಗ ಮಾಡಿದೆವು" ಅನ್ನುವ ಮಾತನ್ನು ಅಪ್ಪ ಅಮ್ಮ ನಿಲ್ಲಿಸಬೇಕು. ಅದೂ ಒಂದು ಬಗೆಯ ದೂರೇ, ಮಕ್ಕಳು ಅದನ್ನೇ ಕಲಿಯುತ್ತಾರೆ.

ಕೈಬಿಡುವುದಾದರೆ ಹೇಗೆ

ಎಲ್ಲ ದೂರಿನಲ್ಲೂ ಗೆಲ್ಲುವುದಿಲ್ಲ. ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತಿದ್ದ ಧಾರವಾಡದ ಹುಡುಗಿಯೊಬ್ಬಳಿಗೆ ಪಿಜಿಯವರು 8 ಸಾವಿರ ಡಿಪಾಸಿಟ್ ಕೊಡಲಿಲ್ಲ. ರಸೀದಿ ಇಲ್ಲ, ಕೊಟ್ಟದ್ದು ನಗದು. ಅವಳು ಆಗಲೇ ಮುಂಬೈಗೆ ಬಂದಾಗಿತ್ತು. ಕೂತು ಲೆಕ್ಕ ಹಾಕಿದೆವು. ಪುಣೆಗೆ ಹೋಗಿ ಬರುವ ಖರ್ಚು, ರಜೆಗೆ ಕಟ್ಟಾಗುವ ಸಂಬಳ, ಸಾಕ್ಷಿ ಹೇಳಲು ಒಪ್ಪದ ರೂಮ್‌ಮೇಟ್. ಒಂದು ನೋಟಿಸ್ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, 15 ದಿನ ಕಾದು, ಆಮೇಲೆ ಬಿಡುವುದು ಅಂತ ಅವಳೇ ನಿರ್ಧಾರ ಮಾಡಿದಳು. ಉತ್ತರ ಬರಲಿಲ್ಲ. ಬಿಟ್ಟಳು. ಅದರಿಂದ ಅವಳು ಸೋತಳು ಅಂತ ನನಗೆ ಅನಿಸಲಿಲ್ಲ, ಯಾಕೆಂದರೆ ಬಿಡುವುದನ್ನು ಅವಳೇ ಆರಿಸಿದಳು.

ಬಿಡುವುದನ್ನೂ ಬರೆದೇ ಬಿಡಿ. ಮೊದಲು ಬರೆದ ಅದೇ ಹಾಳೆಯ ಕೆಳಗೆ ಮೊತ್ತ, ತಾರೀಕು, ಯಾಕೆ ಬಿಡುತ್ತಿದ್ದೀರಿ ಅನ್ನುವ ಒಂದು ಸಾಲು, ನಿಮ್ಮ ಸಹಿ. ಸಹಾಯ ಮಾಡುತ್ತಿದ್ದವರಿಗೆ ಒಂದು ಫೋನ್ ಮಾಡಿ ಹೇಳಿ, ಅವರೂ ಕಾಯುತ್ತಿರುತ್ತಾರೆ. ಮೂಲ ಕಾಗದಗಳನ್ನು ಒಂದು ಕವರಿನಲ್ಲಿ ಹಾಕಿ ಗಡುವು ಮುಗಿಯುವ ತನಕ ಇಟ್ಟಿರಿ, ಹೊಸ ದಾಖಲೆ ಏನಾದರೂ ಸಿಕ್ಕರೆ ಬೇಕಾಗುತ್ತದೆ. ಧಾರವಾಡದ ಹುಡುಗಿ ಈಗ ಘಾಟ್‌ಕೋಪರಿನಲ್ಲಿ ಮನೆ ಹಿಡಿದಿದ್ದಾಳೆ. ಕರಾರು ನೋಂದಣಿ ಆಗಿದೆ, ಡಿಪಾಸಿಟ್ ಚೆಕ್ಕಿನಲ್ಲಿ ಕೊಟ್ಟಿದ್ದಾಳೆ.